ಹೆರಿಗೆಗೆ ಜೊತೆ ಹೋಗುವಾಕೆಯ ಚೀಲ

(ಗ್ರಾಮಸೇವಕರಿಂದ)



ಮುಂಗಾರು ಹತ್ತಿರ ಬಂದಂತೆ ನಾವು ಕೂರಿಗೆ ಸರಿಮಾಡಿಸುತ್ತೇವೆ, ಬೀಜ ಆರಿಸಿಡುತ್ತೇವೆ, ಗೊಬ್ಬರಕ್ಕೆ ಹಣ ಹೊಂದಿಸುತ್ತೇವೆ. ಹದ ಬಂದ ದಿನ ಬೀಜ ಹುಡುಕಿಕೊಂಡು ಪೇಟೆಗೆ ಓಡಿದವನನ್ನು ಕಂಡು ಊರೇ ನಗುತ್ತದೆ. ಆದರೆ ಮನೆಯಲ್ಲಿ ಬಸುರಿ ಹೆಂಗಸಿದ್ದಾಗ ನಾವು ಮಾಡುವುದೇನು? "ಆ ಹೊತ್ತಿಗೆ ನೋಡೋಣ" ಎನ್ನುತ್ತೇವೆ. ಮಳೆಯಾದರೂ ಒಂದು ವರ್ಷ ತಪ್ಪೀತು. ಹೆರಿಗೆಯೋ ತಿಂಗಳುಗಟ್ಟಲೆ ಮೊದಲೇ ಹೇಳಿಕಳಿಸಿ ಬರುವಂಥದು. ಅದಕ್ಕೂ ನಾವು ಸಿದ್ಧರಾಗಿರುವುದಿಲ್ಲ.

ನಾನು ಓದಿದ್ದು ಬೇಸಾಯದ ಡಿಪ್ಲೊಮಾ. ಈ ವಿಷಯ ನಿನಗೇಕಪ್ಪಾ ಎಂದು ಹಿರಿಯರು ಕೇಳಬಹುದು. ನಮ್ಮ ಮನೆಯಲ್ಲೇ ನಡೆದುದನ್ನು ಹೇಳಿ, ಆಮೇಲೆ ಪಾಠಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ನನ್ನ ಅತ್ತಿಗೆಯವರಿಗೆ ದಿನ ತುಂಬಲು ಇನ್ನೂ ಎರಡು ವಾರ ಇರುವಾಗಲೇ ನಡುರಾತ್ರಿ ನೋವು ಕಾಣಿಸಿಕೊಂಡಿತು. ಫೋನು ಮಾಡಿದೆವು, ಆಂಬ್ಯುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತು. ತಾಯಿ ಕಾರ್ಡು ಟ್ರಂಕಿನೊಳಗಿತ್ತು. ಟ್ರಂಕಿನ ಬೀಗದ ಕೈ ನಮ್ಮ ಅಮ್ಮನ ಸೊಂಟದಲ್ಲಿತ್ತು. ಅಮ್ಮ ನೆಂಟರ ಊರಿಗೆ ಹೋಗಿದ್ದರು. ಅಣ್ಣ ಕಲ್ಲು ತಂದು ಬೀಗ ಒಡೆಯುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆಯಿತು. ಹೆರಿಗೆಯಾದ ಮೇಲೆ ಅತ್ತಿಗೆಗೆ ರಕ್ತ ಹೋಗುವುದು ಹೆಚ್ಚಾಯಿತು. "ರಕ್ತ ಕೊಡುವವರು ಯಾರಿದ್ದೀರಿ?" ಎಂದು ಕೇಳಿದರು. ಅಲ್ಲಿ ನಿಂತಿದ್ದ ನಾಲ್ಕು ಗಂಡಸರಲ್ಲಿ ಒಬ್ಬನಿಗೂ ತನ್ನ ರಕ್ತ ಯಾವ ಗುಂಪಿನದೆಂದು ಗೊತ್ತಿರಲಿಲ್ಲ. ವೈದ್ಯರು, ದಾದಿಯರು ಪಟ್ಟ ಶ್ರಮದಿಂದ ತಾಯಿ ಮಗು ಇಬ್ಬರೂ ಉಳಿದರು. ಮರುದಿನ ಮನೆಗೆ ಬಂದು ನೋಡಿದೆ. ಬೀಗ ಒಡೆದ ಟ್ರಂಕಿನ ಮೇಲುಗಡೆಯ ಗೋಡೆಗೆ ನಾನೇ ಬರೆದು ಅಂಟಿಸಿದ್ದ ಕಡಲೆಕಾಯಿ ಬಿತ್ತನೆಯ ಪಟ್ಟಿ ಇತ್ತು. ಅತ್ತಿಗೆಯ ಹೆರಿಗೆಗೆ ನಾನು ಪಟ್ಟಿ ಬರೆದಿರಲಿಲ್ಲ.

ಆ ರಾತ್ರಿ ಸಿದ್ಧವಾಗಿ ಬಂದವರು ಒಬ್ಬರೇ: ಪಕ್ಕದ ಮನೆಯ ಅಜ್ಜಿ. ಹಿಂದೆ ಸೂಲಗಿತ್ತಿಯಾಗಿದ್ದವರು. ಗೂಟಕ್ಕೆ ನೇತುಹಾಕಿದ್ದ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ ಗಾಡಿ ಹತ್ತಿಯೇಬಿಟ್ಟರು. ದಾದಿಯ ಒಪ್ಪಿಗೆ ಪಡೆದು ಬೆಳಗಿನವರೆಗೂ ಅತ್ತಿಗೆಯ ಕೈ ಬಿಡದೆ ಪಕ್ಕದಲ್ಲಿದ್ದರು. ಆಮೇಲೊಂದು ದಿನ ನಾನು ಕೇಳಿದೆ:

"ಅಜ್ಜಿ, ನಿಮ್ಮ ಚೀಲದಲ್ಲಿ ಏನೇನಿತ್ತು? ಮದ್ದು ಇತ್ತೇ?"

"ಮದ್ದು ಆಸ್ಪತ್ರೇಲಿ ಐತೆ ಕಣಪ್ಪ. ಅಲ್ಲಿ ಇಲ್ಲದ್ದು ಈ ಚೀಲದಲ್ಲಿರೋದು. ಬರ್ಕೋ, ಹೇಳ್ತೀನಿ."

ಅವರು ಹೇಳಿದ್ದನ್ನು ನಮ್ಮ ಆಶಾ ಕಾರ್ಯಕರ್ತೆ ಮತ್ತು ದಾದಿಯವರಿಗೆ ತೋರಿಸಿ, ತಿದ್ದಿಸಿ, ಇಲ್ಲಿ ಕೊಟ್ಟಿದ್ದೇನೆ.

ಜೊತೆಗಾತಿ ಎಂದರೆ ಯಾರು?

ಹೆರಿಗೆ ಮಾಡಿಸುವವಳು ಬೇರೆ, ಹೆರಿಗೆಯಲ್ಲಿ ಜೊತೆಗಿರುವವಳು ಬೇರೆ. ಹೊರದೇಶಗಳಲ್ಲಿ ಜೊತೆಗಿರುವವಳನ್ನು 'ಡೂಲಾ' ಎನ್ನುತ್ತಾರೆ. ಸೇವೆ ಮಾಡುವ ಹೆಂಗಸು ಎಂಬ ಅರ್ಥದ ಗ್ರೀಕ್ ಮಾತು ಅದು. ಆಕೆ ಮದ್ದು ಕೊಡುವುದಿಲ್ಲ, ಪರೀಕ್ಷೆ ಮಾಡುವುದಿಲ್ಲ. ಬೆನ್ನು ತಿಕ್ಕುತ್ತಾಳೆ, ನೀರು ಕುಡಿಸುತ್ತಾಳೆ, ನಡೆದಾಡಿಸುತ್ತಾಳೆ, ಧೈರ್ಯ ಹೇಳುತ್ತಾಳೆ. ಇದು ಬರಿಯ ಸಮಾಧಾನದ ಮಾತಲ್ಲ. ೧೭ ದೇಶಗಳಲ್ಲಿ ನಡೆದ ೨೬ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದು ೨೦೧೭ರಲ್ಲಿ ಪ್ರಕಟವಾಯಿತು. ೧೫ ಸಾವಿರಕ್ಕೂ ಹೆಚ್ಚು ಹೆಂಗಸರ ವಿವರ ಅದರಲ್ಲಿದೆ. ಬಿಡದೆ ಜೊತೆಯಿದ್ದವರನ್ನು ಪಡೆದ ತಾಯಂದಿರಲ್ಲಿ ಸಹಜ ಹೆರಿಗೆ ಹೆಚ್ಚು, ಶಸ್ತ್ರಚಿಕಿತ್ಸೆ ಕಡಿಮೆ, ನೋವಿನ ಹೊತ್ತೂ ಕಡಿಮೆ ಎಂದು ಕಂಡುಬಂದಿತು.

ನಮ್ಮ ಸೂಲಗಿತ್ತಿಯರು ಇವೆರಡು ಕೆಲಸವನ್ನೂ ಮಾಡುತ್ತಿದ್ದವರು. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ೧೫ ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರ್ ೨೫ರಂದು ತೀರಿಕೊಂಡರು. ಇಂದು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಆದರೆ ಕೈ ಹಿಡಿದು ಕೂರುವ ಕೆಲಸ ಮುಗಿದಿಲ್ಲ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಒಬ್ಬ ಜೊತೆಗಾತಿ ಇರಬಹುದೆಂದು ಕೇಂದ್ರ ಸರ್ಕಾರ ೨೦೧೬ರಲ್ಲಿ ತಿಳಿಸಿತು. ಆಕೆ ಹೆಂಗಸಾಗಿರಬೇಕು, ಹೆತ್ತು ಅನುಭವವಿದ್ದರೆ ಒಳ್ಳೆಯದು, ಅಂಟುರೋಗ ಇರಬಾರದು, ಶುಭ್ರ ಬಟ್ಟೆ ಉಟ್ಟಿರಬೇಕು, ಕೊನೆಯವರೆಗೂ ಇರಲು ಒಪ್ಪಬೇಕು, ದಾದಿಯರ ಕೆಲಸಕ್ಕೆ ಅಡ್ಡ ಬರಬಾರದು.

ಚೀಲದಲ್ಲಿ ಇರಬೇಕಾದುವು

೧. ಕಾಗದಪತ್ರ: ತಾಯಿ ಕಾರ್ಡು, ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿಗಳು, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪುಸ್ತಕದ ನಕಲು. ಎಲ್ಲವೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಚೀಲದ ಮೇಲ್ಭಾಗದಲ್ಲಿರಲಿ. ಕೊಡುತ್ತಿರುವ ಮಾತ್ರೆಗಳ ಹೆಸರು ಬರೆದಿಡಿ. ಕಾರ್ಡು ನೋಡಿದರೆ ರಕ್ತಹೀನತೆ, ರಕ್ತದೊತ್ತಡ, ಹಿಂದಿನ ಹೆರಿಗೆಯ ತೊಂದರೆ ಎಲ್ಲವೂ ವೈದ್ಯರಿಗೆ ಕೂಡಲೇ ತಿಳಿಯುತ್ತದೆ.

೨. ತಾಯಿಗೆ: ಎರಡು ಮೂರು ಒಗೆದ ಹತ್ತಿ ಸೀರೆ ಅಥವಾ ನೈಟಿ, ಮುಂದೆ ಗುಂಡಿಯಿರುವ ರವಿಕೆ, ಪ್ಯಾಡು ಅಥವಾ ಬಿಸಿಲಲ್ಲಿ ಒಣಗಿಸಿದ ಶುದ್ಧ ಬಟ್ಟೆಗಳು, ಟವೆಲು, ಸೋಪು, ಬಾಚಣಿಗೆ, ಚಪ್ಪಲಿ, ಹೊದಿಕೆ.

೩. ನೋವಿನ ಹೊತ್ತಿಗೆ: ನೀರಿನ ಬಾಟಲಿ, ಲೋಟ, ಬೀಸಣಿಗೆ, ಮುಖ ಒರೆಸಲು ಸಣ್ಣ ಬಟ್ಟೆ, ಬೆನ್ನು ತಿಕ್ಕಲು ಸ್ವಲ್ಪ ಕೊಬ್ಬರಿ ಎಣ್ಣೆ, ಗಡಿಯಾರ, ಪೆನ್ಸಿಲು, ಕಾಗದ. ನೋವು ಎಷ್ಟು ನಿಮಿಷಕ್ಕೊಮ್ಮೆ ಬರುತ್ತಿದೆ, ನೀರು ಒಡೆದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟರೆ ದಾದಿಗೆ ಅನುಕೂಲ. ಗಂಜಿ, ಎಳನೀರು ಕೊಡುವ ಮೊದಲು ದಾದಿಯನ್ನು ಕೇಳಿ.

೪. ಮಗುವಿಗೆ: ನಾಲ್ಕೈದು ಮೆತ್ತನೆಯ ಹತ್ತಿ ಬಟ್ಟೆ, ಕುಲಾವಿ, ಕಾಲುಚೀಲ. ಹುಟ್ಟುವ ಮೊದಲು ಹೊಸ ಬಟ್ಟೆ ತರಬಾರದೆಂಬ ರೂಢಿ ಕೆಲವು ಮನೆಗಳಲ್ಲಿದೆ. ತರಬೇಡಿ. ಹಳೆಯ ಪಂಚೆ, ಸೀರೆಯನ್ನು ಸೋಪಿನಲ್ಲಿ ಒಗೆದು, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಮಡಿಸಿಡಿ. ಒಂದು ಬಟ್ಟೆ ಮಗುವನ್ನು ಒರೆಸಲು. ಅದು ಒದ್ದೆಯಾಗುತ್ತದೆ, ಅದರಲ್ಲೇ ಸುತ್ತಬಾರದು. ಸುತ್ತಲು ಇನ್ನೊಂದು ಒಣ ಬಟ್ಟೆ ಬೇಕು.

೫. ಜೊತೆಗಾತಿಗೆ: ಒಂದು ಶುಭ್ರ ಸೀರೆ, ಸೋಪು, ಹೊದಿಕೆ, ರಾತ್ರಿ ಕಳೆಯಲು ಬುತ್ತಿ, ತಾನು ದಿನಾ ನುಂಗುವ ಮಾತ್ರೆ, ಬ್ಯಾಟರಿ, ಫೋನು ಮತ್ತು ಅದರ ಚಾರ್ಜರು, ಸ್ವಲ್ಪ ಚಿಲ್ಲರೆ ಹಣ. ಹಸಿದು ಬಳಲಿದವಳು ಇನ್ನೊಬ್ಬರಿಗೆ ಆಸರೆಯಾಗಲಾರಳು. ಹೊರಡುವ ಮೊದಲು ಉಗುರು ಕತ್ತರಿಸಿ, ಬಳೆ ಉಂಗುರ ತೆಗೆದು, ಮೊಳಕೈವರೆಗೆ ಸೋಪಿನಿಂದ ಕೈ ತೊಳೆಯಬೇಕು.

ಚೀಲದಲ್ಲಿ ಇರಬಾರದುವು

ನೋವು ಹೆಚ್ಚಿಸುವ ಚುಚ್ಚುಮದ್ದು ಬೇಡ. ಆಸ್ಪತ್ರೆಯ ಹೊರಗೆ ಅದನ್ನು ಕೊಟ್ಟು ಗರ್ಭಕೋಶ ಹರಿದು ತಾಯಿ ಸಾಯುವ ಅಪಾಯವಿದೆ. ನಾರುಬೇರಿನ ಕಷಾಯ ಬೇಡ. ಮಗುವಿಗೆ ನೆಕ್ಕಿಸುವ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲೇ ಮಗುವಿಗೆ ಮೊದಲ ಆಹಾರ. ಗಿಣ್ಣುಹಾಲು ಕುಡಿಯದ ಕರು ಬಡವಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಮಗುವಿನ ಮಾತೂ ಹಾಗೆಯೇ.

ಹೊಕ್ಕುಳಿಗೆ ಹಚ್ಚಲು ಬೂದಿ, ಅರಿಶಿನ, ಎಣ್ಣೆ, ಏನೂ ಬೇಡ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಬದುಕಿರುತ್ತದೆ. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದ ಕಾಲದಲ್ಲಿ ಎಳೆಗೂಸುಗಳು ಸೆಟೆದು ಸಾಯುತ್ತಿದ್ದುದು ಇದರಿಂದಲೇ. ಬಸುರಿಯರಿಗೆ ಚುಚ್ಚುಮದ್ದು, ಶುದ್ಧ ಹೆರಿಗೆ ಇವುಗಳ ಫಲವಾಗಿ ಭಾರತವು ತಾಯಿ ಮತ್ತು ಎಳೆಗೂಸುಗಳ ಧನುರ್ವಾಯುವನ್ನು ನಿವಾರಿಸಿದೆ ಎಂದು ೨೦೧೫ರಲ್ಲಿ ಘೋಷಣೆಯಾಯಿತು. ಆ ಗೆಲುವನ್ನು ಒಂದು ಚಿಟಿಕೆ ಬೂದಿಗೆ ಸೋಲಬಾರದು.

ದಾರಿಯಲ್ಲೇ ಹೆರಿಗೆಯಾದರೆ

ಜೊತೆಗಾತಿ ಬಳ್ಳಿ ಕೊಯ್ಯಬಾರದು, ಎಳೆಯಬಾರದು. ಮಗುವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ತಾಯಿಯ ಬರಿ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಿ, ಕುಲಾವಿ ತೊಡಿಸಬೇಕು. ಅಳದಿದ್ದರೆ ಬೆನ್ನನ್ನು ಮೆಲ್ಲಗೆ ತಿಕ್ಕಬೇಕು. ಉಳಿದದ್ದನ್ನು ಆಂಬ್ಯುಲೆನ್ಸಿನ ಸಿಬ್ಬಂದಿ ಅಥವಾ ದಾದಿ ನೋಡಿಕೊಳ್ಳಲಿ.

ನೋವಿಗೆ ಮೊದಲೇ ರಕ್ತ ಹೋದರೆ, ಫಿಟ್ಸ್ ಬಂದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಹಸಿರು ಬಣ್ಣದ ನೀರು ಹೋದರೆ, ಮಗುವಿನ ಕೈ ಅಥವಾ ಬಳ್ಳಿ ಮುಂದೆ ಬಂದರೆ, ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ, ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ, ಒಂದು ಗಳಿಗೆಯೂ ಕಾಯಬಾರದು.

ಗಂಡಸರ ಕೆಲಸ

ಚೀಲ ಹೆಂಗಸರದೆಂದು ಕೈಕಟ್ಟಿ ಕೂರಬೇಡಿ. ಎರಡು ಮೂರು ಜನ ಈಗಲೇ ರಕ್ತದ ಗುಂಪು ಪರೀಕ್ಷೆ ಮಾಡಿಸಿಕೊಳ್ಳಿ. ೧೮ರಿಂದ ೬೫ ವಯಸ್ಸಿನ, ೪೫ ಕಿಲೋಗಿಂತ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಅವರ ಹೆಸರು, ಗುಂಪು, ಫೋನು ಸಂಖ್ಯೆ ಬರೆದು ತಾಯಿ ಕಾರ್ಡಿನೊಡನೆ ಇಡಿ. ೧೦೮ರ ಸೇವೆ ನಮ್ಮ ರಾಜ್ಯದಲ್ಲಿ ೨೦೦೮ರಿಂದ ಇದೆ. ಆದರೂ ಮಳೆಗಾಲದಲ್ಲಿ ಹಳ್ಳ ತುಂಬುವ ಊರಿನವರು ಇನ್ನೊಂದು ಗಾಡಿಯವರೊಡನೆ ಮಾತಾಡಿಟ್ಟುಕೊಳ್ಳಿ. ೨೦೧೧ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ರಕ್ತ, ಊಟ ಉಚಿತ. ಹಣವಿಲ್ಲವೆಂದು ಮನೆಯಲ್ಲೇ ಉಳಿಯಬೇಕಾಗಿಲ್ಲ.

ಯಾವಾಗ ಕಟ್ಟಬೇಕು?

ಏಳು ತಿಂಗಳು ತುಂಬುವಷ್ಟರಲ್ಲಿ ಚೀಲ ಸಿದ್ಧವಾಗಿರಬೇಕು. ಏಳನೆಯ ತಿಂಗಳಲ್ಲಿ ಸೀಮಂತ ಮಾಡುವ ಮನೆಗಳಲ್ಲಿ, ಮಡಿಲು ತುಂಬಿದ ದಿನವೇ ಚೀಲವನ್ನೂ ತುಂಬಿಬಿಡಿ. ಜೊತೆಗಾತಿ ಯಾರೆಂದು ಅಂದೇ ಗೊತ್ತುಮಾಡಿ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಾಗ ಚೀಲವೂ ಕಾರ್ಡೂ ಜೊತೆಗೇ ಹೋಗಲಿ. ಕಾರ್ಡು ಗಂಡನ ಮನೆಯಲ್ಲಿ, ಬಸುರಿ ತವರಿನಲ್ಲಿ ಎಂದಾಗಬಾರದು. ಚೀಲ ಗೂಟದ ಮೇಲಿರಲಿ, ಬೀಗದೊಳಗೆ ಬೇಡ.

ನಮ್ಮ ಮನೆಯ ಗೋಡೆಯಲ್ಲಿ ಈಗ ಎರಡು ಪಟ್ಟಿಗಳಿವೆ: ಒಂದು ಬಿತ್ತನೆಯದು, ಇನ್ನೊಂದು ಈ ಚೀಲದ್ದು. ಈ ಪುಟವನ್ನು ಕತ್ತರಿಸಿ ನಿಮ್ಮ ಗೋಡೆಗೂ ಅಂಟಿಸಿ. ಓದು ಬಾರದ ಅಜ್ಜಿ, ಅತ್ತೆಯರಿದ್ದರೆ ಓದಿ ಹೇಳಿ. ನಿಮ್ಮ ಬೀದಿಯಲ್ಲಿ ಏಳು ತಿಂಗಳಾದ ಬಸುರಿಯಿದ್ದರೆ ಇಂದು ಸಂಜೆಯೇ ಆ ಮನೆಗೆ ಹೋಗಿ ಒಂದು ಮಾತು ಕೇಳಿ: "ತಾಯಿ ಕಾರ್ಡು ಎಲ್ಲಿಟ್ಟಿದ್ದೀರಿ?"