ಸೈಕಲ್ ಸವಾರರ ದುಬಾರಿ ತಂಪು ಕನ್ನಡಕ: ಬೆಲೆಗೆ ತಕ್ಕ ಮೌಲ್ಯವುಂಟೆ?

ಒಂದೇ ಉಪಯೋಗದ ಎರಡು ಸರಕುಗಳ ಬೆಲೆಯಲ್ಲಿ ಹತ್ತುಪಟ್ಟು ಅಂತರ ಕಂಡುಬಂದಾಗ ಗ್ರಾಹಕರು ಕೇಳುವ ಮೊದಲ ಪ್ರಶ್ನೆ ‘ಇಷ್ಟು ಹೆಚ್ಚು ಏಕೆ?’ ಎಂಬುದಾಗಿರುತ್ತದೆ. ಇದಕ್ಕೆ ವರ್ತಕರಲ್ಲಿ ಸಮಾಧಾನಕರ ಉತ್ತರವಿಲ್ಲದಿದ್ದರೆ ಸರಕು ಕಪಾಟಿನಲ್ಲಿಯೇ ಉಳಿಯುತ್ತದೆ. ಸುಳ್ಳು ಉತ್ತರ ಕೊಟ್ಟರೆ ಅಂಗಡಿಯ ಹೆಸರು ಕೆಡುತ್ತದೆ. ಸೈಕಲ್ ಸವಾರರಿಗೆಂದೇ ತಯಾರಾಗುವ ಉನ್ನತ ದರ್ಜೆಯ ತಂಪು ಕನ್ನಡಕಗಳು ಈ ಸಮಸ್ಯೆಗೆ ಉತ್ತಮ ನಿದರ್ಶನ. ಇಲ್ಲಿ ಪ್ರಶ್ನೆ ಹಣದ್ದಷ್ಟೇ ಅಲ್ಲ, ಕಣ್ಣಿನದೂ ಹೌದು. ಬೆಲೆಯನ್ನು ಅದರ ಪಾಲುಗಳಾಗಿ ಬಿಡಿಸಿ ನೋಡಿದರೆ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಸರಕಿನ ಹಿನ್ನೆಲೆ

ಈ ವಹಿವಾಟಿನ ಇತಿಹಾಸದಲ್ಲಿ ಓಕ್ಲಿ ಕಂಪನಿಯ ಕಥೆ ಮುಖ್ಯವಾದುದು. ಜಿಮ್ ಜನಾರ್ಡ್ ಅವರು 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೋಟಾರ್ ಸೈಕಲ್ ಹಿಡಿಕೆಗಳನ್ನು ಮಾರುತ್ತ ಅದನ್ನು ಆರಂಭಿಸಿದರು. 1980ರ ದಶಕದ ಮಧ್ಯಭಾಗದಲ್ಲಿ ಮುಖವನ್ನು ಬಳಸಿ ನಿಲ್ಲುವ ದೊಡ್ಡ ಮಸೂರದ ಕನ್ನಡಕವನ್ನು ಸೈಕಲ್ ಸವಾರರಿಗಾಗಿ ಹೊರತಂದರು. 1986ರಲ್ಲಿ ‘ಟೂರ್ ದ ಫ್ರಾನ್ಸ್’ ಗೆದ್ದ ಮೊದಲ ಅಮೆರಿಕನ್ ಗ್ರೆಗ್ ಲೆಮಾಂಡ್ ಇದನ್ನು ಧರಿಸಿದ್ದು ದೊಡ್ಡ ಪ್ರಚಾರವಾಯಿತು.

2001ರಲ್ಲಿ ಇಟಲಿಯ ಲಕ್ಸೋಟಿಕಾ ಕಂಪನಿಯು ‘ಸನ್‌ಗ್ಲಾಸ್ ಹಟ್’ ಎಂಬ ಅಂಗಡಿ ಸರಣಿಯನ್ನು ಕೊಂಡಿತು. ಆ ಸರಣಿಯೇ ಓಕ್ಲಿಯ ಅತಿದೊಡ್ಡ ಗಿರಾಕಿಯಾಗಿತ್ತು. ಅಲ್ಲಿಂದ ಬರುವ ಬೇಡಿಕೆ ಇಳಿದೊಡನೆ ಓಕ್ಲಿಯ ಷೇರು ಬೆಲೆ ಕುಸಿಯಿತು. 2007ರಲ್ಲಿ ಲಕ್ಸೋಟಿಕಾ ಸುಮಾರು 210 ಕೋಟಿ ಡಾಲರ್‌ಗೆ ಓಕ್ಲಿಯನ್ನೇ ಖರೀದಿಸಿತು. 2018ರಲ್ಲಿ ಲಕ್ಸೋಟಿಕಾವು ಮಸೂರ ತಯಾರಿಸುವ ಫ್ರಾನ್ಸಿನ ಎಸಿಲೋರ್‌ನೊಡನೆ ಒಂದಾಯಿತು. ಹೀಗೆ ಮಸೂರ, ಚೌಕಟ್ಟು, ಹೆಸರು ಮತ್ತು ಅಂಗಡಿ ನಾಲ್ಕೂ ಒಂದೇ ಆಡಳಿತದ ಕೆಳಗೆ ಬಂದವು. ಅಂಗಡಿಯ ಕಪಾಟು ಯಾರ ಕೈಯಲ್ಲಿದೆಯೋ ಬೆಲೆಯ ಮೇಲಿನ ಹಿಡಿತವೂ ಬಹುಮಟ್ಟಿಗೆ ಅವರ ಕೈಯಲ್ಲಿರುತ್ತದೆ ಎಂಬುದು ಇದರಿಂದ ತಿಳಿಯುವ ವ್ಯಾಪಾರದ ಪಾಠ.

ಬೆಲೆಯ ಮೂರು ಪಾಲುಗಳು

1. ಕಣ್ಣಿನ ರಕ್ಷಣೆ. ಬಹುಪಾಲು ಕ್ರೀಡಾ ಕನ್ನಡಕಗಳ ಮಸೂರ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದು. ಇದನ್ನು 1953ರಲ್ಲಿ ಜರ್ಮನಿಯ ಬೇಯರ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗಳ ವಿಜ್ಞಾನಿಗಳು ಪ್ರತ್ಯೇಕವಾಗಿ ಕಂಡುಹಿಡಿದರು. ಈ ವಸ್ತುವು ತನ್ನ ಗುಣದಿಂದಲೇ ಅತಿನೇರಳೆ ಕಿರಣಗಳ ಹೆಚ್ಚಿನ ಭಾಗವನ್ನು ಹೀರಿಕೊಳ್ಳುತ್ತದೆ ಮತ್ತು ಪೆಟ್ಟಿಗೆ ಸುಲಭವಾಗಿ ಒಡೆಯುವುದಿಲ್ಲ. ‘ಯುವಿ 400’ ಎಂದರೆ 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆ ಎಂದರ್ಥ. ಈ ಗುಣವನ್ನು ಕಡಿಮೆ ಬೆಲೆಯ ಕನ್ನಡಕದಲ್ಲಿಯೂ ಕೊಡಲು ಸಾಧ್ಯ. ಆದುದರಿಂದ ಕಿರಣ ರಕ್ಷಣೆಯೊಂದಕ್ಕಾಗಿ ಹತ್ತುಪಟ್ಟು ಬೆಲೆ ತೆರಬೇಕಾದ ಅಗತ್ಯವಿಲ್ಲ.

ಆದರೆ ಅಗ್ಗದ ಸರಕಿನಲ್ಲಿ ಒಂದು ಅಪಾಯವುಂಟು. ಕಪ್ಪು ಬಣ್ಣವೇ ರಕ್ಷಣೆಯಲ್ಲ. ಗಾಢ ಮಸೂರದ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಮಸೂರವು ಅತಿನೇರಳೆ ಕಿರಣಗಳನ್ನು ತಡೆಯದಿದ್ದರೆ ಅವು ಹಿಗ್ಗಿದ ಪಾಪೆಯ ಮೂಲಕ ಒಳಸೇರುತ್ತವೆ. ಇಂಥ ಕನ್ನಡಕ ಕೊಳ್ಳುವುದಕ್ಕಿಂತ ಕೊಳ್ಳದಿರುವುದೇ ಲೇಸು.

ಅಂತರರಾಷ್ಟ್ರೀಯ ಮಾನಕ ಐಎಸ್ಒ 12312-1, ಬೆಳಕನ್ನು ಒಳಬಿಡುವ ಪ್ರಮಾಣಕ್ಕೆ ಅನುಸಾರವಾಗಿ ಮಸೂರಗಳನ್ನು 0ಯಿಂದ 4ರವರೆಗೆ ವಿಂಗಡಿಸುತ್ತದೆ. 3ನೆಯ ವರ್ಗ ಶೇ. 8ರಿಂದ 18ರಷ್ಟು ಬೆಳಕನ್ನು ಬಿಡುತ್ತದೆ. ಪ್ರಖರ ಬಿಸಿಲಿಗೆ ಇದು ಸಾಕು. 4ನೆಯ ವರ್ಗ ಶೇ. 3ರಿಂದ 8ರಷ್ಟನ್ನು ಮಾತ್ರ ಬಿಡುವುದರಿಂದ ವಾಹನ ಚಾಲನೆಗೆ ಯೋಗ್ಯವಲ್ಲ. ಬೆಳಗಿನ ಜಾವ ಸೈಕಲ್ ಹೊಡೆಯುವವರಿಗೆ ತಿಳಿ ಬಣ್ಣದ ಅಥವಾ ಬಣ್ಣವಿಲ್ಲದ ಮಸೂರವೇ ಸರಿ. ಅವರಿಗೆ ಬಿಸಿಲಿಗಿಂತ ಗಾಳಿ, ಧೂಳು, ಹುಳುಗಳಿಂದ ಬೇಕಾದ ರಕ್ಷಣೆ ದೊಡ್ಡದು.

2. ನೋಟ ಮತ್ತು ಹೊಂದಿಕೆ. ಹೆಚ್ಚಿನ ಹಣಕ್ಕೆ ನಿಜವಾದ ಪ್ರತಿಫಲ ಸಿಗಬಹುದಾದುದು ಇಲ್ಲಿ. ಮುಖವನ್ನು ಬಳಸಿದ ಬಾಗಿದ ಮಸೂರವು ದಪ್ಪದಲ್ಲಿ ಸರಿಯಾದ ಲೆಕ್ಕವಿಲ್ಲದೆ ತಯಾರಾದರೆ ಬೆಳಕಿನ ದಿಕ್ಕು ಬದಲಾಗಿ ವಸ್ತುಗಳು ತುಸು ಪಕ್ಕಕ್ಕೆ ಸರಿದಂತೆ ಕಾಣುತ್ತವೆ. ಮಸೂರವನ್ನು ನಡುವಿನಿಂದ ಅಂಚಿಗೆ ತೆಳುವಾಗಿಸಿ, ದೃಷ್ಟಿರೇಖೆಗೆ ಅನುಗುಣವಾಗಿ ಅದರ ಕೇಂದ್ರವನ್ನು ಹೊಂದಿಸುವ ವಿಧಾನದಿಂದ ಈ ದೋಷ ತಗ್ಗುತ್ತದೆ. ಈ ಬಗ್ಗೆ ಓಕ್ಲಿ 1990ರ ದಶಕದಲ್ಲಿ ಪಡೆದ ಪೇಟೆಂಟುಗಳ ಅವಧಿ ಮುಗಿದಿದೆ. ಅಂದಿನ ವಿಶೇಷತೆಯನ್ನು ಇಂದು ಬೇರೆ ತಯಾರಕರೂ ಬಳಸಬಹುದಾದುದರಿಂದ ಮಧ್ಯಮ ಬೆಲೆಯ ಸರಕುಗಳೂ ಸುಧಾರಿಸಲು ದಾರಿಯಾಗಿದೆ.

ಪಾಲಿಕಾರ್ಬೊನೇಟ್ ಗಟ್ಟಿಯಾದರೂ ಬಹುಬೇಗ ಗೀರು ಬೀಳುವ ವಸ್ತು. ಅದರ ಮೇಲಿನ ಗೀರುನಿರೋಧಕ ಲೇಪನದ ಗುಣಮಟ್ಟವೇ ಕನ್ನಡಕದ ಆಯುಷ್ಯವನ್ನು ನಿರ್ಧರಿಸುತ್ತದೆ. ಬೆವರಿದಾಗಲೂ ಜಾರದ ರಬ್ಬರಿನ ಮೂಗುಪಟ್ಟಿ, ಮಂಜು ಕಟ್ಟದಂತೆ ಗಾಳಿಯಾಡುವ ವಿನ್ಯಾಸ, ಬದಲಾಯಿಸಬಹುದಾದ ಮಸೂರ ಇವು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಇತರ ಅಂಶಗಳು. ಹೊಳಪು ತಡೆಯುವ ಪೋಲರೈಸ್ಡ್ ಮಸೂರ ಮಾತ್ರ ಎಲ್ಲರಿಗೂ ಒಪ್ಪುವುದಿಲ್ಲ. ಕೆಲವು ಕೋನಗಳಿಂದ ಸೈಕಲ್‌ನ ಮೀಟರಿನ ಎಲ್‌ಸಿಡಿ ಪರದೆ ಕಪ್ಪಾಗಿ ಕಾಣುತ್ತದೆ. ರಸ್ತೆಯ ಮೇಲಿನ ನೀರು ಅಥವಾ ಎಣ್ಣೆಯ ಮಿನುಗು ಮರೆಯಾಗಿ ಜಾರುವ ಜಾಗ ಗೊತ್ತಾಗದೆ ಹೋಗಬಹುದು.

3. ಹೆಸರು ಮತ್ತು ಮಾರಾಟದ ಜಾಲ. ಸ್ಪರ್ಧಾ ತಂಡಗಳ ಪ್ರಾಯೋಜಕತ್ವ, ಜಾಹೀರಾತು, ಆಮದು ಸುಂಕ, ಸಾಗಣೆ, ವಿತರಕರ ಹಾಗೂ ಚಿಲ್ಲರೆ ವರ್ತಕರ ಲಾಭಾಂಶ ಇವೆಲ್ಲ ಈ ಪಾಲಿನವು. ಖಾತರಿ ಮತ್ತು ಬಿಡಿಭಾಗಗಳ ಪೂರೈಕೆ ದೊರೆಯುವ ಮಟ್ಟಿಗೆ ಈ ಪಾಲಿಗೂ ಅರ್ಥವಿದೆ. ಅವಿಲ್ಲದಿದ್ದರೆ ಗ್ರಾಹಕರು ತೆರುವುದು ಹೆಸರಿಗಷ್ಟೇ.

ಗಂಟೆಯ ಲೆಕ್ಕ

ಲೆಕ್ಕದ ರೀತಿಯನ್ನು ತೋರಿಸಲು ಮೂರು ದರ್ಜೆಗಳನ್ನು ಊಹಿಸಿಕೊಳ್ಳಬಹುದು. ಮೊದಲನೆಯದರ ಬೆಲೆ 1,500 ರೂ., ಬಾಳಿಕೆ ಒಂದು ವರ್ಷ. ಎರಡನೆಯದು 5,000 ರೂ., ಬಾಳಿಕೆ ಮೂರು ವರ್ಷ. ಮೂರನೆಯದು 15,000 ರೂ.; ಮೂರು ವರ್ಷದ ನಂತರ 6,000 ರೂ. ಕೊಟ್ಟು ಮಸೂರ ಬದಲಾಯಿಸಿದರೆ ಒಟ್ಟು ಆರು ವರ್ಷ. ವರ್ಷದ ವೆಚ್ಚ ಕ್ರಮವಾಗಿ 1,500, ಸುಮಾರು 1,667 ಮತ್ತು 3,500 ರೂ. ಆಗುತ್ತದೆ. ಮೊದಲೆರಡರ ನಡುವಿನ ಅಂತರ ವರ್ಷಕ್ಕೆ 167 ರೂ. ಮಾತ್ರ.

ಮೂರನೆಯದಕ್ಕೆ ಮೊದಲನೆಯದಕ್ಕಿಂತ ವರ್ಷಕ್ಕೆ 2,000 ರೂ. ಹೆಚ್ಚು ಬೀಳುತ್ತದೆ. ವರ್ಷಕ್ಕೆ 300 ಗಂಟೆ ಸವಾರಿ ಮಾಡುವ ಸ್ಪರ್ಧಾಳುವಿಗೆ ಇದು ಗಂಟೆಗೆ ಏಳು ರೂಪಾಯಿಗೂ ಕಡಿಮೆ. ಅವರ ಮಟ್ಟಿಗೆ ದುಬಾರಿಯಲ್ಲ. ವಾರಾಂತ್ಯದಲ್ಲಿ ಮಾತ್ರ ಸೈಕಲ್ ಏರಿ ವರ್ಷಕ್ಕೆ 40 ಗಂಟೆ ಓಡಿಸುವವರಿಗೆ ಅದೇ ಅಂತರ ಗಂಟೆಗೆ 50 ರೂ. ಇದರ ಮೇಲೆ ಬಿದ್ದು ಮುರಿಯುವ, ಎಲ್ಲಿಯೋ ಮರೆತುಬರುವ ನಷ್ಟದ ಸಂಭವವನ್ನೂ ಸೇರಿಸಬೇಕು. ಮೊದಲ ವರ್ಷದಲ್ಲಿಯೇ ಕಳೆದುಹೋದರೆ ಆರು ವರ್ಷದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ವರ್ತಕರು ಗಮನಿಸಬೇಕಾದುದು

ಮೇಲಿನ ದರದಂತೆ ಮೂರನೆಯ ದರ್ಜೆಯ ಒಂದು ಕನ್ನಡಕದಲ್ಲಿ ತೊಡಗುವ ಬಂಡವಾಳದಲ್ಲಿ ಮಧ್ಯಮ ದರ್ಜೆಯ ಮೂರನ್ನು ದಾಸ್ತಾನು ಮಾಡಬಹುದು. ನಿತ್ಯ ಸವಾರರ ಗಿರಾಕಿಯಿಲ್ಲದ ಊರಿನಲ್ಲಿ ಹೆಚ್ಚಿನ ಲಾಭಾಂಶದ ಆಸೆಗೆ ದುಬಾರಿ ಸರಕು ತುಂಬಿದರೆ ಹಣ ಕಪಾಟಿನಲ್ಲಿ ಸಿಲುಕುತ್ತದೆ. ಅಂಥಲ್ಲಿ ಮುಂಗಡ ಪಡೆದು ತರಿಸಿಕೊಡುವ ಕ್ರಮ ಕ್ಷೇಮಕರ.

ಪ್ರಸಿದ್ಧ ಹೆಸರಿನ ನಕಲಿ ಸರಕಿನ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಂತೆ ಸುಳ್ಳು ಚಿಹ್ನೆಯ ಸರಕನ್ನು ಮಾರುವುದು ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ದೋಷಯುಕ್ತ ಸರಕಿನಿಂದಾಗುವ ಹಾನಿಗೆ ಕೆಲವು ಸಂದರ್ಭಗಳಲ್ಲಿ ಮಾರಾಟಗಾರರನ್ನೂ ಹೊಣೆಯಾಗಿಸಿದೆ. ಆಮದು ಸರಕಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಮೂಲ ದೇಶ ಹಾಗೂ ಗರಿಷ್ಠ ಮಾರಾಟ ಬೆಲೆ ನಮೂದಾಗಿದೆಯೇ ಎಂದು ನೋಡಿಕೊಂಡು, ಬಿಲ್ಲಿನೊಡನೆಯೇ ಖರೀದಿಸಬೇಕು.

ಸಣ್ಣ ತಯಾರಕರಿಗೆ ಇರುವ ಅವಕಾಶ

ಮಧ್ಯಮ ದರ್ಜೆಯ ವಹಿವಾಟಿನಲ್ಲಿ ಸಣ್ಣ ಉದ್ದಿಮೆಗಳಿಗೆ ಎಡೆಯಿದೆ. ಹೆಸರಿನಲ್ಲಿ ಪೈಪೋಟಿ ಸಾಧ್ಯವಾಗದಿದ್ದರೂ ಪ್ರಾಮಾಣಿಕತೆಯಲ್ಲಿ ಸಾಧ್ಯ. ಮಸೂರದ ವರ್ಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪೊಟ್ಟಣದ ಮೇಲೆ ಅಚ್ಚು ಹಾಕಿಸುವುದು, ಉತ್ತಮ ಲೇಪನಕ್ಕೆ ಹಣ ತೊಡಗಿಸುವುದು, ಮೂಗುಪಟ್ಟಿ ಮತ್ತು ಮಸೂರಗಳನ್ನು ಬಿಡಿಯಾಗಿ ಪೂರೈಸುವುದು ಈ ಮೂರನ್ನು ಪಾಲಿಸಿದ ಸರಕಿಗೆ ಗಿರಾಕಿಗಳು ಮರಳಿ ಬರುತ್ತಾರೆ. ಅಚ್ಚುಗಳ ವೆಚ್ಚ ದೊಡ್ಡದಾದುದರಿಂದ ಹಲವು ಮಾದರಿಗಳ ಬದಲು ಒಂದೆರಡು ಮಾದರಿಗಳನ್ನೇ ಬಹುಕಾಲ ಮುಂದುವರಿಸುವುದು ಉಚಿತ. ಹಾಗೆ ಮಾಡಿದರೆ ಬಿಡಿಭಾಗಗಳ ಪೂರೈಕೆಯೂ ಸುಲಭ.

ಒಟ್ಟಿನಲ್ಲಿ ಕಣ್ಣಿನ ರಕ್ಷಣೆಗೆ ಮಾನಕವನ್ನೂ, ನೋಟ ಮತ್ತು ಬಾಳಿಕೆಗೆ ಬಳಕೆಯ ಗಂಟೆಗಳನ್ನೂ, ಹೆಸರಿಗೆ ಖಾತರಿಯನ್ನೂ ಒರೆಗಲ್ಲಾಗಿ ಹಿಡಿಯಬೇಕು. ‘ತಾವು ವಾರಕ್ಕೆ ಎಷ್ಟು ಗಂಟೆ ಸೈಕಲ್ ಓಡಿಸುತ್ತೀರಿ?’ ಎಂದು ಮೊದಲು ಕೇಳಿ, ಅನಂತರ ಬೆಲೆ ಹೇಳುವ ವರ್ತಕರು ತಕ್ಕ ಸರಕನ್ನು ತಕ್ಕವರಿಗೆ ತಲುಪಿಸುತ್ತಾರೆ.