ಚೀಟಿಯಲ್ಲಿ ಬರೆದ ನಾಲ್ಕು ಸಾಮಾನು

ಸಾಸಿವೆ, ಬೆಲ್ಲ, ಕಡಲೆಬೇಳೆ, ಬೆಂಕಿಪೊಟ್ಟಣ, ಇಷ್ಟು ತಾರಪ್ಪಾ ಎಂದು ತಾಯಿ ಹೇಳಿ ಕಳುಹಿಸಿದ ಇಪ್ಪತ್ತರ ಹರೆಯದ ಮಗ, ಅರ್ಧ ಗಂಟೆಯ ಮೇಲೆ ಬೆಲ್ಲವೊಂದನ್ನೇ ತಂದು, ಉಳಿದುದೆಲ್ಲಿ ಎಂದರೆ ಹೊಸ್ತಿಲಲ್ಲಿ ನಿಂತು ಚೀಲದೊಳಗೆ ಇಣುಕುತ್ತಾನೆ. “ಅಷ್ಟೂ ಜ್ಞಾಪಕ ಇರೋದಿಲ್ಲವೇನೋ?” ಎಂಬ ಮಾತು ತಾಯಿಯ ಬಾಯಿಂದ ತಾನಾಗಿ ಹೊರಡುತ್ತದೆ. ಎರಡು ತಿಂಗಳ ಹಿಂದೆ ಕಿಟಕಿಗಳನ್ನೆಲ್ಲ ಮುಚ್ಚಿ, ಯಾರಿಗೂ ಕೇಳದ ದನಿಗಳಿಗೆ ಉತ್ತರಿಸುತ್ತ ಕುಳಿತಿದ್ದ ಹುಡುಗ ಔಷಧದಿಂದ ಶಾಂತನಾಗಿರುವಾಗ, ಕಾಯಿಲೆ ಹೋಯಿತು, ಉಳಿದದ್ದು ಸೋಮಾರಿತನ ಎಂದು ಮನೆಯವರು ತಿಳಿಯುವುದು ಸಹಜ. ಆದರೆ ಅದು ತಪ್ಪು ತಿಳಿವಳಿಕೆ.

ಸೈಕೋಸಿಸ್ ಎಂದು ವೈದ್ಯರು ಕರೆಯುವ ಚಿತ್ತವಿಕಲತೆಯ ಪ್ರಾರಂಭದ ದೆಸೆಯಲ್ಲಿ, ಏಕಾಗ್ರತೆ, ಕೇಳಿದ್ದನ್ನು ಕೆಲಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ, ಆಲೋಚನೆಯ ವೇಗ, ಎದುರಿಗಿರುವವರ ಮುಖಭಾವವನ್ನು ಅರಿಯುವ ಸೂಕ್ಷ್ಮತೆ, ಇವು ಅನೇಕರಲ್ಲಿ ಕುಂದುತ್ತವೆ. ದನಿಗಳು ಕೇಳತೊಡಗುವ ಮೊದಲೇ, ಓದಿನಲ್ಲಿ ಹಿಂದೆ ಬೀಳುವ ರೂಪದಲ್ಲಿ ಕುಂದು ಕಾಣಿಸಿಕೊಳ್ಳುವುದೂ ಉಂಟು. ಭ್ರಮೆ ಮತ್ತು ದನಿಗಳನ್ನು ತಗ್ಗಿಸುವ ಔಷಧಗಳು ಈ ಕುಂದನ್ನು ಅಷ್ಟಾಗಿ ನೀಗಿಸಲಾರವು. ಮನೋವೈದ್ಯ ಕ್ರೇಪೆಲಿನ್ ಈ ಕುಂದನ್ನೇ ಮುಂದುಮಾಡಿ, ಸೈಕೋಸಿಸ್ಸಿನ ಒಂದು ಬಗೆಗೆ ‘ಅಕಾಲ ಬುದ್ಧಿಕ್ಷಯ’ವೆಂಬ ಅರ್ಥದ ಹೆಸರನ್ನು ರೂಢಿಗೆ ತಂದಿದ್ದನು; ಎಲ್ಲರ ಬುದ್ಧಿಯೂ ಕ್ಷಯಿಸುವುದಿಲ್ಲವೆಂದು ಕಂಡ ಇನ್ನೊಬ್ಬ ಮನೋವೈದ್ಯ ಬ್ಲಾಯ್ಲರ್ 1908ರಲ್ಲಿ ಆ ಹೆಸರನ್ನು ಬಿಟ್ಟು ಸ್ಕಿಜೋಫ್ರೇನಿಯಾ ಎಂದನು. ಹೆಸರು ಬದಲಾಗಿ ನೂರು ವರ್ಷ ಕಳೆದರೂ ನಮ್ಮ ಬೈಗುಳ ಬದಲಾಗಿಲ್ಲವೆಂಬುದು ಬೇರೆ ಮಾತು.

ಮನೆಯವರು ಮೊದಲು ಮಾಡತಕ್ಕದ್ದು, ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು: ಯಾವ ಕೆಲಸ ಎಲ್ಲಿ ತಪ್ಪಿತು, ಆಗ ಟಿ.ವಿ. ಹಾಕಿತ್ತೇ, ಹಿಂದಿನ ರಾತ್ರಿ ನಿದ್ರೆ ಎಷ್ಟು, ಮಾತ್ರೆ ನುಂಗಿದ್ದು ಯಾವಾಗ. ಬರೆಯುತ್ತಿರುವುದು ಅವನಿಗೂ ತಿಳಿದಿರಲಿ. ತನ್ನನ್ನು ಯಾರೋ ಗುಟ್ಟಾಗಿ ಗಮನಿಸುತ್ತಿದ್ದಾರೆಂಬ ಶಂಕೆಯಿಂದ ಈಗತಾನೆ ಹೊರಬಂದವನ ಮನೆಯಲ್ಲಿ ಗುಟ್ಟಿನ ಪುಸ್ತಕ ಸಲ್ಲದು.

ಅನಂತರ ಆ ಪುಸ್ತಕವನ್ನೂ ಮಾತ್ರೆಯ ಹಾಳೆಗಳನ್ನೂ ಮನೋವೈದ್ಯರಿಗೆ ತೋರಿಸಿರಿ. ಮಂಪರು ಔಷಧದ ಪ್ರಮಾಣದಿಂದ ಬಂದಿರಬಹುದು; ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮರೆವನ್ನು ಹೆಚ್ಚಿಸಬಲ್ಲದು; ಖಿನ್ನತೆ, ನಿದ್ರಾಹೀನತೆ, ಗಾಂಜಾ, ಥೈರಾಯ್ಡ್ ದೋಷ ಇವೂ ಜತೆಗೂಡಿರಬಹುದು. ಬದಲಾವಣೆ ವೈದ್ಯರ ಕೈಯಿಂದಲೇ ಆಗಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ದನಿಗಳು ಮರಳಿ ಬರುವ ಅಪಾಯವಿದೆ. ಸ್ಮೃತಿ, ಏಕಾಗ್ರತೆಗಳ ಪರೀಕ್ಷೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಸ್ಪತ್ರೆಯಲ್ಲಿದ್ದಾರೆಯೇ ಎಂದು ಕೇಳಿರಿ.

ಮೂರನೆಯದು ಮನೆಯವರು ತಮ್ಮ ಮಾತನ್ನು ತಿದ್ದಿಕೊಳ್ಳುವುದು, ಕಷ್ಟವಿರುವುದೂ ಇಲ್ಲಿಯೇ. ಟಿ.ವಿ. ಆರಿಸಿ, ಹೆಸರು ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಉತ್ತರಕ್ಕೆ ಹತ್ತೆಣಿಸುವಷ್ಟು ಹೊತ್ತು ಕಾಯಬೇಕು. ಜ್ಞಾಪಕಕ್ಕೆ ಆಸರೆಗಳೂ ಬೇಕು: ಮಾತ್ರೆಗೆ ಫೋನಿನ ಅಲಾರಮ್ಮು, ವಾರದ ಡಬ್ಬಿ. ಆಸ್ಪತ್ರೆಯ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು. ಅಂಗಡಿಗೆ ಹೊರಟವನ ಜೇಬಿಗೆ ಅವನೇ ಬರೆದ ಚೀಟಿ, ಒಂದು ಮೋಟು ಪೆನ್ಸಿಲ್. ಮರುವಾರ ಆ ತಾಯಿಯ ಕೈಗೆ ಬಂದ ಚೀಟಿಯಲ್ಲಿ ಮೂರು ಸಾಮಾನಿನ ಮೇಲೆ ಗೀಟು ಬಿದ್ದಿತ್ತು. ಸಾಸಿವೆಯ ಮುಂದೆ, “ಖಾಲಿಯಂತೆ, ಸಂಜೆ ಬಾ ಅಂದ್ರು” ಎಂದು ಬರೆದಿತ್ತು.

ಕಾಲೇಜಿಗೆ ಮರಳುವುದಾದರೆ ಎಲ್ಲ ವಿಷಯಗಳನ್ನೂ ಒಮ್ಮೆಗೇ ಹೊರಿಸದೆ, ಒಂದೆರಡರಿಂದ ಪ್ರಾರಂಭಿಸುವುದು ಲೇಸು. ನಿತ್ಯದ ಬಿರುಸು ನಡಿಗೆಯೂ, ನಿಜಜೀವನದ ಕೆಲಸಗಳೊಡನೆ ಹೊಂದಿಸಿ ತರಬೇತಾದವರು ನಡೆಸುವ ಸ್ಮೃತಿ ಮತ್ತು ಏಕಾಗ್ರತೆಯ ಅಭ್ಯಾಸವೂ ಪ್ರಯೋಜನಕಾರಿ. ಬರಿಯ ಮೊಬೈಲ್ ಆಟದಿಂದ ಅಷ್ಟು ಫಲ ನಿರೀಕ್ಷಿಸಲಾಗದು.

ಎಲ್ಲಿಗೆ ಹೋಗಬೇಕೆಂದು ತೋಚದವರು, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ನಿದ್ರೆ ಪೂರ್ತಿ ಕೆಟ್ಟರೆ, ದನಿಗಳು ಮರಳಿದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಅಂದೇ ವೈದ್ಯರಿಗೆ ತಿಳಿಸಿರಿ; ಸಾಯುವ ಮಾತೆತ್ತಿದರೆ ಅವನನ್ನು ಒಂಟಿಯಾಗಿ ಬಿಡದೆ, ನೋಟ್‌ಬುಕ್ಕನ್ನೂ ಹಿಡಿದು ಆ ಕ್ಷಣವೇ ಆಸ್ಪತ್ರೆಗೆ ಹೊರಡಿರಿ.