ಸ್ಟಾಫ್ ರೂಮಿನಲ್ಲಿ ಒಂಟಿಯಾದವರಿಗೆ (1 ಅರಸುಗಳು 19)

ನಮ್ಮ ಸಭೆಯಲ್ಲಿ ಶಿಕ್ಷಕ, ಶಿಕ್ಷಕಿಯರು ಇದ್ದೀರಿ. ಇವತ್ತಿನ ಸಂದೇಶ ಮೊದಲು ನಿಮಗೆ.

ಪ್ರಾರ್ಥನೆಗೆ ಬರುವ ಟೀಚರ್‌ಗಳಿಂದ ನಾನು ಮತ್ತೆ ಮತ್ತೆ ಕೇಳೋ ಮಾತು ಇದು: "ಪಾಸ್ಟರ್, ಯಾರೂ ಬೈಯಲ್ಲ. ಆದ್ರೆ ಯಾರೂ ಮಾತಾಡ್ಸಲ್ಲ." ಮೀಟಿಂಗ್ ಇದೆ ಅಂತ ಹೇಳಲ್ಲ, ವಾಟ್ಸಾಪ್ ಗ್ರೂಪಿಗೆ ಸೇರಿಸಲ್ಲ, ಟೀ ಲೋಟ ಎಣಿಸುವಾಗ ಇವರೊಬ್ಬರನ್ನ ಬಿಡ್ತಾರೆ. ಅತಿಥಿ ಶಿಕ್ಷಕರಿಗೆ ಇದು ಇನ್ನೂ ಕಷ್ಟ. ಸಿಗೋದು ಗೌರವಧನ, ಮುಂದಿನ ವರ್ಷ ಇರ್ತೀನೋ ಇಲ್ವೋ ಅನ್ನೋ ಭಯ ಬೇರೆ.

ಬೈದರೆ ದೂರು ಕೊಡಬಹುದು. ಮಾತಾಡಿಸದಿದ್ದರೆ ಏನಂತ ದೂರು ಕೊಡೋದು? ಆಗ ಮನಸ್ಸು ತನ್ನನ್ನೇ ದೂರುತ್ತೆ: ನನ್ನಲ್ಲೇ ಏನೋ ಕೊರತೆ ಇದೆ ಅಂತ. ನಿದ್ದೆ ಹೋಗುತ್ತೆ. ಭಾನುವಾರ ಸಂಜೆಯೇ ಎದೆ ಭಾರ ಆಗುತ್ತೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಂಪ್ಯೂಟರ್ ಚೆಂಡಾಟದಲ್ಲಿ ಒಬ್ಬರಿಗೆ ಮಾತ್ರ ಚೆಂಡು ಎಸೆಯೋದನ್ನ ನಿಲ್ಲಿಸಿ ಮಿದುಳಿನ ಸ್ಕ್ಯಾನ್ ನೋಡಿದರು. ದೇಹಕ್ಕೆ ನೋವಾದಾಗ ಚುರುಕಾಗುವ ಒಂದು ಭಾಗವೇ ಆಗಲೂ ಚುರುಕಾಗಿತ್ತು. ಆದ್ದರಿಂದ ಈ ನೋವು ನಾಟಕ ಅಲ್ಲ, ಅವಿಶ್ವಾಸವೂ ಅಲ್ಲ.

ಎಲೀಯನನ್ನು ನೋಡಿ. ಕರ್ಮೆಲಿನಲ್ಲಿ ಬೆಂಕಿ ಇಳಿಸಿದ ಪ್ರವಾದಿ, ನಾನೊಬ್ಬನೇ ಉಳಿದಿದ್ದೇನೆ ಅಂದ, ಸಾವನ್ನೇ ಕೇಳಿಕೊಂಡ. ಸೇವಕನನ್ನೂ ಬೇರ್ಷೆಬದಲ್ಲಿ ಬಿಟ್ಟು ಒಬ್ಬನೇ ಅಡವಿಗೆ ಹೋದ. ಹೊರಗಿಟ್ಟವರಿಂದ ನೊಂದವರು ನಿಧಾನವಾಗಿ ತಾವೇ ಎಲ್ಲರಿಂದ ದೂರ ಸರಿಯುತ್ತಾರೆ, ಖಾಲಿ ತರಗತಿಯಲ್ಲಿ ಕೂತು ಟಿಫಿನ್ ಬಾಕ್ಸ್ ತೆರೆಯುತ್ತಾರೆ.

ದೇವರು ಏನು ಮಾಡಿದರು?

ಮೊದಲನೆಯದು, ಗದರಿಸಲಿಲ್ಲ. ಮಲಗಲು ಬಿಟ್ಟರು, ದೂತನ ಕೈಯಲ್ಲಿ ಎರಡು ಸಲ ಎಬ್ಬಿಸಿ ರೊಟ್ಟಿ, ನೀರು ಕೊಡಿಸಿದರು. ನಿದ್ದೆ, ಊಟ ಕೂಡ ದೇವರ ಚಿಕಿತ್ಸೆಯೇ.

ಎರಡನೆಯದು, ಕೇಳಿಸಿಕೊಂಡರು. ಹೋರೇಬಿನಲ್ಲಿ ಎರಡು ಸಲ ಅದೇ ಪ್ರಶ್ನೆ, ಎಲೀಯನಿಂದ ಎರಡು ಸಲ ಅದೇ ಉತ್ತರ. ಹೇಳಿದ್ದನ್ನೇ ಹೇಳ್ತೀಯಲ್ಲ ಅನ್ನಲಿಲ್ಲ.

ಮೂರನೆಯದು, ಜೊತೆ ಕೊಟ್ಟರು. ಬಾಳನಿಗೆ ಮೊಣಕಾಲೂರದ 7,000 ಜನ ಇದ್ದಾರೆ ಅಂತ ತಿಳಿಸಿ, ಎಲೀಷನ ಬಳಿಗೆ ಕಳಿಸಿದರು. ಒಂಟಿತನಕ್ಕೆ ದೇವರು ಬರೀ ಉಪದೇಶ ಕೊಡಲಿಲ್ಲ, ಒಬ್ಬ ಮನುಷ್ಯನನ್ನು ಕೊಟ್ಟರು.

ಹಾಗಾದರೆ ದೇವಜನರೇ, ನೊಂದ ಟೀಚರ್ ಬಂದಾಗ, ಇನ್ನಷ್ಟು ಉಪವಾಸ ಮಾಡಿ ಅಂತ ಹೇಳಿ ಕಳಿಸಬೇಡಿ. ಪಕ್ಕದಲ್ಲಿ ಕೂತು ಕೇಳಿ. ನಿದ್ದೆ ಇಲ್ಲದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸ್ಟಾಫ್ ರೂಮಿನಲ್ಲಿ ನಿಮಗೆ ಜಾಗ ಇದೆಯಾ? ಹಾಗಾದ್ರೆ ನಾಳೆ ಸೋಮವಾರ, ಜಾಗ ಇಲ್ಲದವರಿಗೆ ಒಂದು ಕುರ್ಚಿ ಎಳೆದು ಹಾಕಿ. ಅದೂ ಸೇವೆಯೇ.

ಪ್ರಾರ್ಥಿಸೋಣ. ಕರ್ತನೇ, ಒಂಟಿಯಾದವರ ಬಳಿಗೆ ನಮ್ಮನ್ನು ಕಳುಹಿಸು. ಯೇಸುವಿನ ನಾಮದಲ್ಲಿ, ಆಮೆನ್.